ನಮ್ಮಕ್ಕನ ಮೊಣಕಾಲು, ಹಕೀಮರ ಗುಳಿಗೆ

ಬೀಳುವುದಕ್ಕೂ ಅದೃಷ್ಟ ಬೇಕು ನೋಡಿ! ನಮ್ಮಕ್ಕ ಬಿದ್ದರೆ ಇಡೀ ಓಣಿಯೇ ಓಡಿಬರುತ್ತಿತ್ತು. ನಾನು ಬಿದ್ದಿದ್ದರೆ? "ಏನೋ ಸಪ್ಪಳಾತಲ್ಲ, ಬೆಕ್ಕು ಏನರ ಕೆಡವೇದೇನು ನೋಡ್ರಿ" ಎನ್ನುತ್ತಿದ್ದರು.

ಅರವತ್ತು ದಾಟಿದ ನಾವಿಬ್ಬರು ವಿಧವೆಯರು ಕಲಬುರಗಿಯ ಗಂಜ್ ಮಾರುಕಟ್ಟೆಯ ಹಿಂದೆ ನನ್ನ ಮಗನ ಮನೆಯಲ್ಲಿದ್ದೆವು. ಸೊಸೆ ನನ್ನವಳು, ಅವಳ ಅಕ್ಕರೆಯೆಲ್ಲ ಅಕ್ಕನಿಗೆ! ಮೊಣಕಾಲು ನೋವು ಮಾತ್ರ ತವರಿನ ಬಳುವಳಿ, ಇಬ್ಬರಿಗೂ ಸಮಪಾಲು. ನಾನು ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತ ನರಳುತ್ತಿದ್ದೆ. ಅಕ್ಕ ಮೋಮಿನಪುರದ ಹಕೀಮರಿಂದ ಗುಳಿಗೆ ಮಾಡಿಕೊಳ್ಳಲು ಅಫೀಮು ತಂದಳು. ನಿಜಾಮರ ರಾಜ್ಯದಲ್ಲಿ ನೋವಿಗೆಂದು ಒಂದು ಚೂರು ಅಫೀಮು ನುಂಗುವುದು ಆಗ ಯಾರಿಗೂ ವಿಶೇಷವಾಗಿರಲಿಲ್ಲ. ಹಕೀಮರು ಮೆಣಸಿನ ಕಾಳಿನಷ್ಟು ಎಂದಿದ್ದರು. ಅಕ್ಕನ ಕೈಯಲ್ಲಿ ಮೆಣಸು ಬೆಳೆದು ಕಡಲೆಯಾಯಿತು!

ಕೆಲವೇ ದಿನಗಳಲ್ಲಿ ಅವಳು ಹೊಸ ಮದುಮಗಳಂತೆ ಓಡಾಡತೊಡಗಿದಳು. ನನ್ನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದಂತಾಗುತ್ತಿತ್ತು. ತಡೆಯಲಾರದೆ ನಾನೂ ಒಂದು ಗುಳಿಗೆ ನುಂಗಿದೆ. ಸಂಜೆಯವರೆಗೂ ವಾಂತಿ! ಭಾಗ್ಯವಾದರೂ ಮೈಗೆ ಹತ್ತಬೇಕಲ್ಲ?

ಅಕ್ಕ ಮೊದಲ ಸಲ ಬಿದ್ದದ್ದು ಅಂಗಳದಲ್ಲಿ. ಕಟ್ಟೆಯಿಂದ ಎದ್ದವಳೇ ತಲೆ ತಿರುಗಿ, ಸೊಸೆ ಕೇರುತ್ತಿದ್ದ ತೊಗರಿಬೇಳೆಯ ಬುಟ್ಟಿಯಲ್ಲಿ ಕುಳಿತುಬಿಟ್ಟಳು. ಅಂಗಳದ ತುಂಬ ಬೇಳೆ! ನಾನು ಒಂದು ಹಿಡಿ ಚೆಲ್ಲಿದ್ದರೂ ಸೊಸೆ ಮುಖ ಊದಿಸಿಕೊಳ್ಳುತ್ತಿದ್ದಳು. ಈಗ ಮಾತ್ರ, "ದೊಡ್ಡತ್ತಿ, ಪೆಟ್ಟಾತೇನ್ರಿ?" ಎನ್ನುತ್ತ ಬಿಸಿ ಹಾಲಿಗೆ ತುಪ್ಪ ಹಾಕಿ ಕುಡಿಸಿದಳು. ಬೇಳೆ ಆರಿಸಿದವಳು ಯಾರು? ನಾನು!

ಮತ್ತೊಮ್ಮೆ ಕಮಲಾಪುರದ ಸಂತೆಗೆ ಬಂಡಿಯಲ್ಲಿ ಹೋದೆವು. ಕೂತಲ್ಲೇ ತೂಕಡಿಸುತ್ತಿದ್ದ ಅಕ್ಕ, ಬಂಡಿ ನಿಂತೊಡನೆ ಜಾರಿ ಕೆಂಪು ಬಾಳೆಹಣ್ಣಿನ ರಾಶಿಯ ಮೇಲೆ ಬಿದ್ದಳು. ಬಾಳೆಯವನು ಬೈಯುತ್ತಾನೆಂದು ನಾನು ಆಸೆಯಿಂದ ಕಾದೆ. ಅವನೋ, "ಪಾಪ, ಹಿರಿಯಾಕಿ" ಎಂದು ಒಳ್ಳೆಯ ಹಣ್ಣುಗಳನ್ನೇ ಮುರಿದು ಅವಳ ಉಡಿಗೆ ಹಾಕಿದ!

"ನನಗೂ ಒಂದು ಕೊಡಪ್ಪ" ಎಂದೆ.

"ನೀವೇನು ಬಿದ್ದೀರೇನ್ರಿ?" ಎಂದ.

ಆಮೇಲೊಂದು ಮುಂಜಾನೆ ಬಚ್ಚಲಿಗೆ ಹೊರಟ ಅಕ್ಕ ಮಂಪರಿನಲ್ಲಿ ಹೊಸ್ತಿಲು ಎಡವಿದಳು. ಈ ಸಲ ಕೆಳಗೆ ಬೇಳೆಯೂ ಇರಲಿಲ್ಲ, ಬಾಳೆಯೂ ಇರಲಿಲ್ಲ. ಬರೀ ಶಹಾಬಾದಿನ ಕಲ್ಲುಹಾಸು. ತೊಡೆಯ ಎಲುಬು ಮುರಿಯಿತು.

ಹಕೀಮರು ಬಂದು ಗುಳಿಗೆಯ ಗಾತ್ರ ನೋಡಿ ಹಣೆ ಚಚ್ಚಿಕೊಂಡರು. "ಅಮ್ಮಾ, ಈ ದವಾ ನೋವು ಮರೆಸ್ತದ ಖರೆ. ಆದ್ರ ಜೊಂಪು ತರ್ತದ, ತಲಿ ತಿರಗಸ್ತದ. ವಯಸ್ಸಾದವರು ಹಂಗ ಬಿದ್ರ ಎಲುಬು ಉಳೀತಾವೇನು?" ಎಂದರು. ನನ್ನ ಕಡೆ ತಿರುಗಿ, "ಒಮ್ಮಿಗೇ ಬಿಡಸಬ್ಯಾಡ್ರಿ, ಜೀವಕ್ಕ ತ್ರಾಸಾಗ್ತದ. ನಾ ಹೇಳಿದಂಗ ಸ್ವಲ್ಪ ಸ್ವಲ್ಪ ಇಳಸ್ರಿ" ಎಂದರು.

ಹಾಗೆ ಇಳಿಸಿದರೂ ಅಕ್ಕ ಬೆವರುತ್ತಿದ್ದಳು, ನಡುಗುತ್ತಿದ್ದಳು, ಕೂಸಿನಂತೆ ಅಳುತ್ತಿದ್ದಳು. ಓಣಿಯವರು ಬಂದರು, ಹೋದರು. ಅವಳ ಮಗ್ಗುಲಲ್ಲಿ ಕೂತವಳು ನಾನೊಬ್ಬಳೇ. ಎಲುಬು ಕೊನೆಗೆ ಸೊಟ್ಟಗೆ ಕೂಡಿತು. ಅಕ್ಕ ಮತ್ತೆಂದೂ ನೆಟ್ಟಗೆ ನಡೆಯಲಿಲ್ಲ.

ಅವಳು ಹಾಗೆ ಮಲಗಿದ್ದ ದಿನಗಳಲ್ಲೇ ಒಂದು ಮಧ್ಯಾಹ್ನ, ಅವಳಿಗೆ ನೀರು ಕುಡಿಸಿ ಏಳಲು ಹೋದೆ. ಮೊಣಕಾಲು ಹಿಡಿದುಕೊಂಡಿತು. "ಯವ್ವಾ" ಎಂದು ಅಲ್ಲೇ ಕುಸಿದು ಕೂತೆ. ಅಕ್ಕ ಮಲಗಿದ್ದಲ್ಲಿಂದಲೇ ಕೈ ಚಾಚಿ ನನ್ನ ಮೊಣಕಾಲು ತಿಕ್ಕತೊಡಗಿದಳು.

"ತಂಗೀ, ನಿನಗೂ ಇಷ್ಟು ನೋಯ್ತದೇನ? ಆ ಗುಳಿಗಿ ಅಮಲಿನಾಗ ನಿನ್ನ ನೋವೂ ಮರ್ತುಬಿಟ್ಟಿದ್ದೆ ನೋಡ" ಎಂದಳು.

ಸೊಸೆ ಒಳಗಿನಿಂದ ಓಡಿಬಂದು, "ಅತ್ತಿ, ಯಾಕ ಅಳಾಕತ್ತೀರಿ? ಏನಾತ್ರಿ?" ಎಂದಳು. ಅಕ್ಕನ ಕೈ ಗಡಗಡ ನಡುಗುತ್ತಿತ್ತು. ಆದರೂ ತಿಕ್ಕುವುದನ್ನು ಬಿಟ್ಟಿರಲಿಲ್ಲ.