ಸಾರಕ್ಕಿಗೆ ಬಂದ ಸಮುದ್ರದ ನೀರು

ಸಮುದ್ರದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುತ್ತೇನೆಂದು ಸಮುದ್ರವೇ ಇಲ್ಲದ ಬೆಂಗಳೂರಿನಲ್ಲಿ ಕೂತರೆ ಇಂಥವು ಆಗದೆ ಇನ್ನೇನಾಗುತ್ತವೆ? ನಾನು ಮಾಡಿದ ಎಲೆಕ್ಟ್ರೋಡ್‌ಗಳೆಲ್ಲ ಉಪ್ಪು ನೀರಿಗೆ ಮೂರನೇ ದಿನಕ್ಕೇ ಕೈಕೊಡುತ್ತಿದ್ದವು. ಒಂದಾದರೂ ಹತ್ತು ದಿನ ತಡೆದರೆ ಪಿಎಚ್‌ಡಿ, ಇಲ್ಲದಿದ್ದರೆ ಐದು ವರ್ಷದ ಕೆಲಸ ನೀರುಪಾಲು.

೧. ಓನರ್ ಅಂಕಲ್

ಸಾರಕ್ಕಿಯ ನಮ್ಮ ಮನೆ ಓನರ್ ಒಂದು ಕಾಲದಲ್ಲಿ ಅದೇ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದವರು, ಈಗ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಲ್ಯಾಬಲ್ಲಿ ನಿನ್ನ ಕೆಲಸವೇನು ಎಂದು ಕೇಳಿದರು. ಎಲೆಕ್ಟ್ರೋಡ್ ಮೇಲೆ ಲೋಹದ ಪರಮಾಣುಗಳನ್ನು ಒಂದೊಂದಾಗಿ ದೂರ ದೂರ ಕೂರಿಸಬೇಕು, ಯಾಮಾರಿದರೆ ಎಲ್ಲ ಗುಂಪು ಸೇರಿಕೊಂಡು ಕೆಲಸ ಕೆಡುತ್ತದೆ ಎಂದೆ. ಅಂಕಲ್ ನಿಟ್ಟುಸಿರು ಬಿಟ್ಟರು.

"ಗೊತ್ತಮ್ಮ. ಮೇಲಿನ ರೂಮು ಒಬ್ಬ ಬ್ಯಾಚುಲರ್‌ಗೆ ಅಂತ್ಲೇ ಕೊಟ್ಟೆ. ಈಗ ಬಾಗ್ಲಲ್ಲಿ ಆರು ಜೊತೆ ಚಪ್ಪಲಿ."

೨. ಓನರ್ ಆಂಟಿ

ಚೆನ್ನೈ ಬಸ್ಸಿನಲ್ಲಿ ಎರಡು ಕ್ಯಾನ್ ಸಮುದ್ರದ ನೀರು ತಂದು ಮಡಿವಾಳದಲ್ಲಿ ಇಳಿದೆ. ಭಾನುವಾರ, ಲ್ಯಾಬ್ ಇಲ್ಲ. ಕ್ಯಾನ್‌ಗಳನ್ನು ಮೆಟ್ಟಿಲ ಕೆಳಗಿಟ್ಟು, ಏನೆಂದು ಕೇಳಿದ ಆಂಟಿಗೆ ಸಮುದ್ರದ ನೀರು ಎಂದಷ್ಟೇ ಹೇಳಿ ಮಲಗಿದೆ. ಎದ್ದು ಬಂದರೆ ಒಂದು ಕ್ಯಾನ್ ಖಾಲಿ. ದೃಷ್ಟಿ ಕಳೆಯಲಿ ಎಂದು ಆಂಟಿ ಮೂರೂ ಮಹಡಿ ಒರೆಸಿ, ಗೇಟಿಗೂ ಚಿಮುಕಿಸಿದ್ದರು. ನನ್ನ ಅಳುಮುಖ ನೋಡಿ ಅವರಿಗೂ ಪಾಪ ಎನಿಸಿತು.

"ಬೇಜಾರ್ ಮಾಡ್ಕೋಬೇಡ. ನಿನ್ ಬಾಗ್ಲು ಎರಡ್ ಸಲ ಒರೆಸಿದೀನಿ."

೩. ಅಟೆಂಡರ್

ಉಳಿದ ಕ್ಯಾನಿನಲ್ಲಿ ಪ್ರಯೋಗ ಶುರುಮಾಡಿದೆ. ಎರಡನೇ ದಿನವೇ ಆಯುಧಪೂಜೆ. ಅವತ್ತು ಎಲ್ಲ ಯಂತ್ರಗಳಿಗೂ ವಿಶ್ರಾಂತಿ ಕೊಟ್ಟು ಪೂಜೆ ಮಾಡುವುದು ನಮ್ಮ ಲ್ಯಾಬಿನ ಹಳೇ ಅಟೆಂಡರ್ ಪದ್ಧತಿ. ಇದೊಂದನ್ನು ಆಫ್ ಮಾಡಬೇಡಿ ಎಂದು ಕೈಮುಗಿದೆ. ಒಪ್ಪಿದರು, ಆದರೆ ಪ್ರಯೋಗದ ಬಾಟಲಿಗೆ ಕುಂಕುಮದ ಬೊಟ್ಟು ಇಡದೆ ಬಿಡಲಿಲ್ಲ. ನನ್ನ ಪಿಎಚ್‌ಡಿ ಗೈಡ್ ಬಂದು, ಇದು ಲ್ಯಾಬೋ ಗುಡಿಯೋ ಎಂದು ನಮ್ಮಿಬ್ಬರಿಗೂ ಬೈದರು. ಒರೆಸಲು ಹೋದರೆ ವೈರ್ ಅಲುಗೀತೆಂದು ಬೊಟ್ಟನ್ನು ಹಾಗೇ ಬಿಟ್ಟೆವು.

ಮೂರನೇ ದಿನ ದಾಟಿತು. ಹತ್ತನೇ ದಿನವೂ ಗ್ರಾಫಿನ ಗೆರೆ ನೆಟ್ಟಗಿತ್ತು. ನಾನು ಅತ್ತೇಬಿಟ್ಟೆ, ಅಟೆಂಡರ್ ಕಣ್ಣಲ್ಲೂ ನೀರು. ಗೈಡ್ ಮಾತ್ರ ಒಂದು ಸಲ ಆದರೆ ಸಾಲದು, ಇನ್ನೊಮ್ಮೆ ಮಾಡಿ ತೋರಿಸು, ಏನನ್ನೂ ಬದಲಿಸಬೇಡ ಎಂದರು.

ಮರುದಿನ ಹೊಸ ಎಲೆಕ್ಟ್ರೋಡ್ ಇಳಿಸಿ ಇನ್ನೇನು ಸ್ವಿಚ್ ಹಾಕಬೇಕು, ಗೈಡ್ ತಡೆದರು. ಅಟೆಂಡರನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು.

"ಅವತ್ತು ಬಾಟ್ಲಿಗೆ ಎಷ್ಟು ಬೊಟ್ಟು ಇಟ್ಟಿದ್ರಿ?"

"ಮೂರು ಸಾರ್."

"ಹಾಗಾದ್ರೆ ಮೂರೇ ಇಡಿ. ಅದೇ ಜಾಗದಲ್ಲಿ."