ನಮ್ಮ ಮನೆಯ ಕೆಳಗೇನಿದೆ

ನೆಂಟನಲ್ಲದ ಇನ್ಶೂರೆನ್ಸ್ ಏಜೆಂಟನನ್ನು ಯಾರಾದರೂ ಕಂಡಿದ್ದೀರಾ? ನಾನಂತೂ ಕಂಡಿರಲಿಲ್ಲ. ನನ್ನ ಷಡ್ಡಕನೊಬ್ಬನಿದ್ದಾನೆ. ಸಾವಿನ ಮನೆಗೆ ಬಂದರೂ ಹೆಣಕ್ಕೆ ಕೈಮುಗಿದವನೇ ನಮ್ಮ ಕಡೆ ತಿರುಗಿ "ಅಣ್ಣಾ, ನಿಮ್ದು ಮಾಡ್ಸಿದೀರಾ?" ಎನ್ನುತ್ತಾನೆ. ಹಾಗಾಗಿ ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಗೆ ವಿಮೆ ಮಾಡಿಸುವ ಮಾತು ಬಂದಾಗ ನಾನು ಹಟ ಹಿಡಿದೆ. ಮಾಡಿಸಿದರೆ ನನ್ನ ಮದುವೆಯಲ್ಲಿ ಊಟ ಮಾಡದ ಬ್ರೋಕರ್ ಹತ್ತಿರವೇ! "ನಿಮ್ಮ ಹಟ ನಿಮಗೆ. ನನಗೆ ನಿದ್ದೆ ಬಂದ್ರೆ ಸಾಕು ಕಣ್ರೀ" ಎಂದಳು ಹೆಂಡತಿ. ಅವಳದೂ ತಪ್ಪಲ್ಲ. ಆ ಮನೆ ಬಿಟ್ಟರೆ ನಮಗೆ ಬೇರೆ ಆಸ್ತಿಯಿಲ್ಲ, ಅದರ ಗೋಡೆಯೋ ಪ್ರತಿ ಮಳೆಗಾಲದಲ್ಲೂ ಹೊಸದಾಗಿ ಬಿರುಕು ಬಿಡುತ್ತದೆ.

ಹುಡುಕಿ ಹುಡುಕಿ ರಾಬರ್ಟ್‌ಸನ್‌ಪೇಟೆಯಲ್ಲಿ ಸಿಕ್ಕಿದವರು ಸೆಲ್ವಿ ಮೇಡಂ. ಬಟ್ಟೆ ಅಂಗಡಿಯ ಮಹಡಿಯ ಮೇಲೆ ಅವರ ಪುಟ್ಟ ಆಫೀಸು. ಎಷ್ಟು ಕೆದಕಿದರೂ ನೆಂಟಸ್ತಿಕೆ ಹೊರಡಲಿಲ್ಲ. ಹೊಟ್ಟೆ ತಣ್ಣಗಾಯಿತು. "ಸಾರ್, ಸರ್ವೇಯರ್ ಬತ್ತಾರೆ. ಕೇಳಿದ್ದಕ್ಕೆ ಇರೋದನ್ನ ಇದ್ದಂಗೆ ಹೇಳಿ, ಸಾಕು. ಭಾಷಣ ಮಾತ್ರ ವೇಂಡಾ. ನಮ್ಮೂರೋರ ರೋಗ ನಂಗೊತ್ತು" ಎಂದರು. ಯಾವ ರೋಗವೆಂದು ನನಗೆ ಆಗ ಹೊಳೆಯಲಿಲ್ಲ.

ಸೆಲ್ವಿ ಮೇಡಂ ಜೊತೆ ಬಂದ ಸರ್ವೇಯರ್ ಒಳ್ಳೆಯ ಮನುಷ್ಯ. ಗೋಡೆ ತಟ್ಟಿದರು, ಫೋಟೋ ತೆಗೆದರು, ಬಿರುಕು ನೋಡಿ "ಹಳೇ ಮನೆ, ಇದ್ದದ್ದೇ" ಎಂದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಅನ್ನುವಾಗ ಕಾಫಿ ಲೋಟ ಕೆಳಗಿಡುತ್ತಾ, "ಇಲ್ಲೂ ಏನೋ ಸಣ್ಣಪುಟ್ಟ ಗುಂಡಿ ತೋಡಿದ್ರಂತಲ್ಲ?" ಎಂದುಬಿಟ್ಟರು.

ಸಣ್ಣಪುಟ್ಟ ಗುಂಡಿ! ನಮ್ಮಪ್ಪ ಅರ್ಧ ಆಯಸ್ಸು ಕಳೆದ ಚಿನ್ನದ ಗಣಿ ಅದು. ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮೂರಿನವರು ನೀರು ಬರದ ನಲ್ಲಿಯನ್ನು ಸಹಿಸುತ್ತಾರೆ, ಸೀಟು ಸಿಗದ ರೈಲನ್ನು ಸಹಿಸುತ್ತಾರೆ. ಗಣಿಯ ಆಳವನ್ನು ಯಾರಾದರೂ ಕಡಿಮೆ ಮಾಡಿದರೆ ಮಾತ್ರ ಸಹಿಸುವುದಿಲ್ಲ. "ಗುಂಡಿನಾ? ಸ್ವಾಮಿ, ನಿಮ್ಮ ಕುರ್ಚಿ ಕೆಳಗೇ ಸುರಂಗ ಐತೆ! ಒಂದು ಬೆಟ್ಟಾನೇ ತಲೆಕೆಳಗಾಗಿ ಇಳಿಸಿದ್ರೂ ತಳ ಮುಟ್ಟಲ್ಲ! ಒಳಗೆ ಬಂಡೆ ಸಿಡಿದ್ರೆ ಇಲ್ಲಿ ಪಾತ್ರೆ ಕುಣೀತಿದ್ವು!" ಎಂದು ನೆಲಕ್ಕೆ ಕಾಲು ಕುಟ್ಟಿ ತೋರಿಸಿದೆ. ಸರ್ವೇಯರ್ ಎರಡೂ ಕಾಲೆತ್ತಿ ಕುರ್ಚಿಯ ಮೇಲಿಟ್ಟುಕೊಂಡರು. ಸೆಲ್ವಿ ಮೇಡಂ "ಅಯ್ಯೋ ಕಡವುಳೇ" ಎಂದು ಹಣೆ ಹಿಡಿದುಕೊಂಡರು.

ವಿಮೆ ಸಿಗಲಿಲ್ಲ. ಹೆಂಡತಿ ಮಾತು ಬಿಟ್ಟಳು. ನಾನು ಮಾಡಿದ್ದೇನು ಹೇಳಿ? ಇದ್ದದ್ದನ್ನು ಹೇಳಿ ತಲೆ ತಗ್ಗಿಸುವ ಜಾತಿ ನನ್ನದಲ್ಲ. ಸೆಲ್ವಿ ಮೇಡಂ ಕೂಡ ನನ್ನಷ್ಟೇ ಹಟಮಾರಿ, ಇನ್ನೊಂದು ಕಂಪನಿ ಹಿಡಿದರು. "ಗಣಿ ವಿಷ್ಯ ನಾನೇ ನೀಟಾಗಿ ಬರ್ದು ಕೊಟ್ಟಿದೀನಿ ಸಾರ್. ಅದನ್ನ ಒಪ್ಪೋರು ಇದಾರೆ. ನೀವು ಕಾಲು ಕುಟ್ಟಿದ್ರೆ ಯಾರೂ ಒಪ್ಪಲ್ಲ. ಅವ್ರು ಬರೋ ದಿನ ನೀವು ಊರಲ್ಲೇ ಇರ್ಬೇಡಿ" ಎಂದರು.

ಹಾಗೆ ಗಡೀಪಾರಾಗಿ ಆ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಬೆಂಗಳೂರಿನ ರೈಲಿನಿಂದ ಇಳಿದವರೊಬ್ಬರು ನೇರ ನನ್ನ ಹತ್ತಿರವೇ ಬಂದು, "ಚಾಂಪಿಯನ್ ರೀಫ್ಸ್‌ಗೆ ಬಸ್ಸೆಲ್ಲಿ ಸಿಗುತ್ತೆ? ಇನ್ಶೂರೆನ್ಸ್‌ಗೆ ಒಂದು ಮನೆ ನೋಡಬೇಕು" ಎಂದರು. ಹೆಂಡತಿಯ ಮುಖ ನೆನೆಸಿಕೊಂಡು, ತುಟಿ ಬಿಗಿಹಿಡಿದು, ಬರೀ ಕೈ ತೋರಿಸಿದೆ. ಅವರು ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ಅಲ್ಲೇನೋ ಗಣಿ ಇತ್ತು ಅಂತ ಬರೆದಿದಾರೆ. ಅಂಥ ಆಳವೇನೂ ಇರ್ಲಿಕ್ಕಿಲ್ಲ, ಅಲ್ವಾ?"

ನಾನು ಬೆಂಚಿನಿಂದ ಎದ್ದೆ. "ನಡೀರಿ ಸ್ವಾಮಿ" ಎಂದೆ, "ನಾನೂ ಆ ಕಡೆಗೇ."