ಬಾವಿ ಎಂದರೆ ಬಾವಿಯಲ್ಲ

ನಡೆದದ್ದು ಇಷ್ಟೇ: ನನ್ನ ಸೊಸೆ ಒಂದು ಕಥೆ ಬರೆದಳು, ಅದರಲ್ಲಿ ಏನೂ ನಡೆಯಲಿಲ್ಲ, ಅದರಿಂದ ನನ್ನ ಮಗಳ ಮದುವೆ ಮುರಿಯುವುದರಲ್ಲಿತ್ತು. ಉಳಿದದ್ದೆಲ್ಲ ಜನ ಸೇರಿಸಿದ್ದು. ನಾನು ಕಲಿತದ್ದು ಮೂರನೆಯ ಇಯತ್ತೆ. ನಿನಗೇಕೆ ಸಾಹಿತ್ಯದ ಉಸಾಬರಿ ಎನ್ನುವವರು ಎಪ್ಪತ್ತರ ದಶಕದಲ್ಲಿ ಬೆಳಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಬಂದು ಕೂತು ನೋಡಬೇಕಿತ್ತು. ಸೊಸೆ ಶೈಲಾ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಪರೀಕ್ಷೆ ಹತ್ತಿರ ಬಂತೆಂದರೆ ರವಿವಾರಕ್ಕೊಮ್ಮೆ ಅವಳ ವಿದ್ಯಾರ್ಥಿನಿಯರು ಸಾಲಾಗಿ ಕೂತು ‘ನವ್ಯ ಸಾಹಿತ್ಯದ ಪ್ರಮುಖ ಲಕ್ಷಣಗಳು’ ಎಂದು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರು. ನಾನು ಬಾಜೂಕ್ಕೆ ಜೋಳ ಹಸನು ಮಾಡುತ್ತಿದ್ದೆ. ಪರೀಕ್ಷೆ ಮುಗಿದ ಮರುದಿನವೇ ಅವರು ಅದನ್ನೆಲ್ಲ ಮರೆತರು. ನನಗೆ ಪರೀಕ್ಷೆಯೇ ಇರಲಿಲ್ಲ, ಹಾಗಾಗಿ ಮರೆಯಲು ಕಾರಣವೂ ಸಿಗಲಿಲ್ಲ.

ನನ್ನ ತಾಯಿ ಹೇಳುತ್ತಿದ್ದ ಕಥೆಗಳಲ್ಲಿ ಒಬ್ಬ ರಾಜನಿರುತ್ತಿದ್ದ, ಅವನಿಗೊಂದು ಕಷ್ಟ ಬರುತ್ತಿತ್ತು, ಕಷ್ಟ ತೀರುತ್ತಿತ್ತು, ನಾವು ಮಲಗುತ್ತಿದ್ದೆವು. ಶೈಲಾಳ ಕಥೆ ಹಾಗಲ್ಲ. ಒಂದು ಮಾಸಪತ್ರಿಕೆಯಲ್ಲಿ ಹದಿನಾಲ್ಕು ಪುಟ ಅಚ್ಚಾಗಿತ್ತು. ಒಬ್ಬ ಹೆಂಗಸು ಬಾವಿಯಲ್ಲಿ ಇಣುಕುತ್ತಾಳೆ. ಹಿಂದಿನಿಂದ ಒಬ್ಬ ಮುದುಕಿ ‘ನೀರು ತಾ’ ಎಂದು ಕೂಗುತ್ತಾಳೆ. ಮುಗಿಯಿತು. ಹೆಂಗಸಿಗೆ ಹೆಸರಿಲ್ಲ. ಐದನೆಯ ಪುಟದಲ್ಲಿ ಅವಳು ಕೂಸು, ಆರನೆಯದರಲ್ಲಿ ಮದುವೆಯಾದವಳು, ಏಳರಲ್ಲಿ ಮತ್ತೆ ಕೂಸು. ಕೊನೆಗೆ ಹಗ್ಗ ಕೈಯಲ್ಲಿದೆ, ಅಲ್ಲಿಗೆ ಕಾಗದ ಮುಗಿದಿದೆ. “ಕೊಡ ಮ್ಯಾಲ ಬಂತೋ ಇಲ್ಲೋ?” ಎಂದು ಕೇಳಿದೆ. “ಅದು ಮುಖ್ಯ ಅಲ್ರೀ ಅತ್ತಿ” ಎಂದಳು. ಅವತ್ತು ನಮ್ಮ ಬಚ್ಚಲಿನಲ್ಲಿ ಒಂದು ಚೆಂಬು ನೀರಿರಲಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯವಾಗಿತ್ತು.

ಅದೇ ತಿಂಗಳು ನನ್ನ ಕಿರಿಯ ಮಗಳು ನೀಲಾಳಿಗೆ ಖಾನಾಪುರದ ಹೆಡ್‌ಮಾಸ್ತರರೊಬ್ಬರ ಮಗನ ಸಂಬಂಧ ಕೂಡಿ ಬಂದಿತ್ತು. ಇಬ್ಬರು ವರರನ್ನು ಒಲ್ಲೆನೆಂದ ಹುಡುಗಿ ಈ ಹುಡುಗನ ಫೋಟೋವನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇಟ್ಟುಕೊಂಡಿದ್ದಳು. ಇನ್ನು ಅವನ ತಾಯಿ-ತಂದೆ ಮನೆ ನೋಡಲು ಬರುವುದೊಂದು ಬಾಕಿ. ಸಂಬಂಧ ಮನಸ್ಸಿಗೆ ಬಂದರೆ ಹುಡುಗನ ತಾಯಿ ನಾವಿಟ್ಟ ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಳ್ಳದೆ ಎದ್ದರೆ ಆ ಮಾತು ಅಲ್ಲಿಗೇ ಮುಗಿದಂತೆ.

ಹುಡುಗನ ತಾಯಿ ಗೌರವ್ವ ಬಂದವಳೇ ಸೀದಾ ಹಿತ್ತಲಿಗೆ ನಡೆದಳು. ನಮ್ಮ ಬಾವಿಯ ಕಟ್ಟೆ ಎಷ್ಟು ಎತ್ತರವಿದೆಯೆಂದು ಗೇಣು ಹಾಕಿ ನೋಡಿದಳು. ಒಳಗೆ ಬಂದು ಸಕ್ಕರೆ ಬಟ್ಟಲಿನಿಂದ ದೂರ ಸರಿದು ಕೂತಳು. ಮಾಸ್ತರರು ಚೀಲದಿಂದ ಅದೇ ಮಾಸಪತ್ರಿಕೆ ತೆಗೆದರು.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸೊಸಿ ಬಾವ್ಯಾಗ ಯಾಕ ಹಣಿಕಿ ಹಾಕ್ಯಾಳ?”

ಅವರು ಕಥೆಯನ್ನು ತಮ್ಮ ಓಣಿಗೆಲ್ಲ ಓದಿ ಹೇಳಿದ್ದರು. ಕನ್ನಡ ಬಾರದ ನೆರೆಯವರಿಗೆ ಮರಾಠಿಯಲ್ಲಿ ಹೇಳಿದ್ದರು. “ಮರಾಠ್ಯಾಗ ಹೇಳಿದ್ರೂ ಏನೂ ಆಗಲಿಲ್ರಿ, ಬರೇ ಬಾವಿ” ಎಂದು ಬೇಸರಪಟ್ಟುಕೊಂಡರು. ಸೊಸೆ ಬಾವಿಯಲ್ಲಿ ಇಣುಕಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಅತ್ತೆ ಸರಿಯಿಲ್ಲ. ಓಣಿ ಆ ತೀರ್ಮಾನಕ್ಕೆ ಬಂದಾಗಿತ್ತು. ಅಂಥ ಅತ್ತೆಯ ಮಗಳನ್ನು ಯಾರು ತರುತ್ತಾರೆ? ಶೈಲಾ ಅಡುಗೆಮನೆಯಲ್ಲೇ ಇದ್ದಳು. ಆದರೆ ಅವಳನ್ನು ಕರೆದು ಹೇಳಿಸಿದರೆ ಅತ್ತೆಯೇ ಹೆದರಿಸಿ ಹೇಳಿಸಿದ್ದಾಳೆ ಎನ್ನುತ್ತಾರೆ. ನನ್ನ ಮಗ ಮಲ್ಲೇಶಿ ಮಚ್ಛೆಯ ಕಾರ್ಖಾನೆಯಲ್ಲಿ ಲೇಥ್ ನಡೆಸುವವನು. ಹೆಂಡತಿಯ ಕಥೆಯನ್ನು ಎರಡು ಪುಟ ಓದಿ ‘ಚೊಲೋ ಐತಿ’ ಎಂದು ಕೆಳಗಿಟ್ಟವನು. ಇದು ಅವನಿಂದ ಆಗುವ ಕೆಲಸವಲ್ಲ. ನಾನೇ ಸುರು ಮಾಡಿದೆ.

“ಮಾಸ್ತರ, ಇದು ನವ್ಯ ಐತ್ರಿ. ಇದರಾಗ ಬಾವಿ ಅಂದ್ರ ಬಾವಿ ಅಲ್ಲ, ಮನಸ್ಸಿನ ಆಳ. ಹಗ್ಗ ಅಂದ್ರ ಹಗ್ಗ ಅಲ್ಲ.”

“ಮತ್ತೇನ್ರಿ?”

“ಏನರೆ ಇರತೈತಿ ಬಿಡ್ರಿ. ಆಕಿಗೆ ಹೆಸರಿಲ್ಲ ನೋಡ್ರಿ, ಯಾಕಂದ್ರ ಆಕಿ ಯಾರರೆ ಆಗಬಹುದು. ಮನಿ ತುಂಬ ಮಂದಿ ಇದ್ರೂ ಆಕಿ ಒಬ್ಬಾಕಿನ. ಅದಕ್ಕ ಅನಾಥಪ್ರಜ್ಞೆ ಅಂತಾರ.”

“ನಿಮ್ಮ ಸೊಸಿ ಅಪ್ಪ ಅವ್ವ ಇಬ್ಬರೂ ಪಾರಿಶ್ವಾಡದಾಗ ಗಟ್ಟಿಮುಟ್ಟ ಅದಾರಲ್ರಿ?” ಎಂದಳು ಗೌರವ್ವ.

“ಇದ್ರೂ ಇರತೈತ್ರಿ ಅದು. ಒಳಗಿಂದು.”

“ಮತ್ತ ಹಿಂದಿಂದು ಮುಂದ, ಮುಂದಿಂದು ಹಿಂದ ಯಾಕ ಆಗೇತ್ರಿ?” ಮಾಸ್ತರರು ಪುಟ ತಿರುಗಿಸಿದರು.

“ಮನಸ್ಸು ಗಡಿಯಾರ ನೋಡಿ ವಿಚಾರ ಮಾಡತೈತೇನ್ರಿ?” ಎಂದೆ. ಇದು ವಿದ್ಯಾರ್ಥಿನಿಯರ ಪಾಠದಲ್ಲಿರಲಿಲ್ಲ, ನನ್ನ ಸ್ವಂತದ್ದು. ಮಾಸ್ತರರು ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡರು. ನನಗೆ ಹುರುಪು ಬಂತು. ಕೊನೆಯನ್ನು ಮುಗಿಸದೆ ಬಿಡುವುದೇಕೆ, ಇದ್ದದ್ದನ್ನು ಇದ್ದಂತೆ ಹೇಳದಿರುವುದೇಕೆ ಎಂದು ಕಾಲು ಗಂಟೆ ಬಿಡಿಸಿ ಹೇಳಿದೆ. ಸಕ್ಕರೆಗೆ ಇರುವೆ ಹತ್ತಿದವು. ಬಾಗಿಲ ಸಂದಿಯಲ್ಲಿ ನೀಲಾಳ ಸೀರೆಯ ಅಂಚು ಕಾಣುತ್ತಿತ್ತು. ಅದು ಅಲುಗಾಡುತ್ತಿರಲಿಲ್ಲ.

ಗೌರವ್ವ ಮಾತ್ರ ಕರಗಲಿಲ್ಲ. “ಆತ್ರಿ ಅಕ್ಕಾರ. ಬಾವಿ ಬಾವಿ ಅಲ್ಲ, ಹಗ್ಗ ಹಗ್ಗ ಅಲ್ಲ. ‘ನೀರು ತಾ’ ಅಂತ ಒದರತಾಳಲ್ಲ, ಆ ಮುದುಕಿ ಯಾರು?”

“ಆಕಿ ಮುದುಕಿ ಅಲ್ರಿ. ಆಕಿ ಸಂಪ್ರದಾಯ” ಎಂದೆ. ಅಷ್ಟು ಹೊತ್ತು ಮಾತಾಡಿ ಗಂಟಲು ಒಣಗಿತ್ತು. ಅಡುಗೆಮನೆಯ ಕಡೆ ತಿರುಗಿ, ಇಪ್ಪತ್ತು ಮನೆಗೆ ಕೇಳುವಂತೆ ಕೂಗಿದೆ: “ಶೈಲಾ, ನೀರು ತಾ!”

ಶೈಲಾ ತಂಬಿಗೆ ತಂದು ನನ್ನ ಮುಂದಿಟ್ಟು ಹೋದಳು. ಮುಖದಲ್ಲಿ ಏನೂ ಇರಲಿಲ್ಲ. ಅದೂ ನವ್ಯದ ಒಂದು ಲಕ್ಷಣವೇ. ಗೌರವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ಅಳುತ್ತಾಳೆಂದುಕೊಂಡೆ. ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. “ನಮ್ಮ ಮನ್ಯಾಗೂ ಸಂಪ್ರದಾಯ ಮುಂಜಾನೆಯಿಂದ ಸಂಜೀತನಕ ಹಿಂಗ ಒದರತೈತ್ರಿ” ಎಂದವಳೇ ಇರುವೆ ಊದಿ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಬಾಗಿಲಿನಿಂದ ಸೀರೆಯ ಅಂಚು ಮಾಯವಾಯಿತು. ಟ್ರಂಕು ತೆಗೆದ ಸಪ್ಪಳ ಕೇಳಿಸಿತು.

ಬೀಗರನ್ನು ಖಾನಾಪುರದ ಬಸ್ಸು ಹತ್ತಿಸಿ ಬಂದ ಮೇಲೆ ಶೈಲಾಳನ್ನು ಕೇಳಿಯೇಬಿಟ್ಟೆ: “ಖರೇ ಹೇಳು, ಆ ಮುದುಕಿ ನಾನ ಹೌದಲ್ಲೋ?”

“ಅದನ್ನ ಓದಾವರಿಗೆ ಬಿಟ್ಟೀನ್ರೀ ಅತ್ತಿ” ಎಂದಳು.

ಮರುದಿನ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದೆ. ಹಂಡೆ ಖಾಲಿ. ಬಾಯಿ ತೆರೆದೆ, ಒಂದು ಕ್ಷಣ ವಿಚಾರ ಮಾಡಿದೆ, ಆಮೇಲೆ ಕೂಗಿದೆ: “ಮಲ್ಲೇಶಿ, ನೀರು ತಾ!” ಅವನಿಗೆ ಕಥೆ ಬರೆಯಲು ಬರುವುದಿಲ್ಲ.